ತಿಂಥಣಿಯಿಂದ ಬೀದರ್‌ವರೆಗೆ: ಎಲ್ಲಿ ಇಳಿಯಬೇಕು, ಯಾವುದನ್ನು ಬಿಡಬೇಕು

ಬಳ್ಳಾರಿ, ಲಿಂಗಸುಗೂರು ದಾಟಿ ಉತ್ತರಕ್ಕೆ ಬರುವವರು ತಿಂಥಣಿ ಸೇತುವೆಯ ಮೇಲೆ ಕೃಷ್ಣೆಯನ್ನು ಕಂಡ ಬಳಿಕ ಬೀದರ್ ತಲುಪುವವರೆಗೆ ಗಾಡಿ ನಿಲ್ಲಿಸುವುದೇ ಇಲ್ಲ. ಸುರಪುರ, ಶಹಾಪುರ, ಜೇವರ್ಗಿ, ಕಲಬುರಗಿ, ಹುಮನಾಬಾದ್ ಎಂದು ಸುಮಾರು 240 ಕಿಲೊಮೀಟರ್ ದಾರಿ. ಡೀಸೆಲ್‌ಗೆ ಒಮ್ಮೆ, ಚಹಾಕ್ಕೆ ಒಮ್ಮೆ ಇಳಿದದ್ದೇ ಲೆಕ್ಕ. ‘ಬರೀ ಬಯಲು, ನೋಡಲು ಏನಿದೆ?’ ಎಂಬ ಮಾತನ್ನು ನಮ್ಮ ಮನೆಗೆ ಬಂದ ನೆಂಟರಿಂದಲೂ ಕೇಳಿದ್ದೇನೆ. ಕಲಬುರಗಿಯಲ್ಲೇ ಬೆಳೆದ ನನಗೆ ಅದು ನೋವಿನ ಮಾತು. ರಾಷ್ಟ್ರಕೂಟರ ಮಳಖೇಡ, ಚಾಲುಕ್ಯರ ಕಲ್ಯಾಣ, ಬಹಮನಿಗಳ ಕಲಬುರಗಿ ಮತ್ತು ಬೀದರ್ ಇಷ್ಟು ಹತ್ತಿರ ಹತ್ತಿರ ಇರುವ ಈ ನೆಲದಲ್ಲಿ ನೋಡಲು ಬೇಕಾದಷ್ಟಿದೆ. ಕಷ್ಟ ಇರುವುದು ಆರಿಸುವುದರಲ್ಲಿ.

ಘಟ್ಟದ ದಾರಿಯಲ್ಲಿ ತಿರುವು, ಜಲಪಾತ, ಕಣಿವೆಗಳೇ ನಿಮ್ಮನ್ನು ತಡೆದು ನಿಲ್ಲಿಸುತ್ತವೆ. ಇಲ್ಲಿ ಹಾಗಾಗದು. ನೋಡುವಂಥ ಜಾಗ ಹೆದ್ದಾರಿಯಿಂದ ಒಳಗಿರುತ್ತದೆ, ಫಲಕ ಚಿಕ್ಕದಾಗಿರುತ್ತದೆ, ನೀವೇ ಮೊದಲು ನಿರ್ಧರಿಸಿ ತಿರುಗಬೇಕು. ಹಾಗೆ ತಿರುಗುವ ಮುನ್ನ ನಾನು ನೋಡುವುದು ಕೆಲವೇ ಸಂಗತಿಗಳನ್ನು: ಹೆದ್ದಾರಿಯಿಂದ ಎಷ್ಟು ದೂರ, ಅಲ್ಲಿ ನೆರಳಿದೆಯೇ, ಯಾವ ಹೊತ್ತಿನ ಬೆಳಕಿಗೆ ಅದು ಚೆನ್ನ, ಜೊತೆಯಲ್ಲಿ ಇರುವವರು ಯಾರು. ಮುಖ್ಯವಾದದ್ದು ಇನ್ನೊಂದಿದೆ. ಒಂದೇ ಬಗೆಯ ಎರಡು ಸ್ಥಳಗಳು ಎದುರಾದರೆ ಎರಡಕ್ಕೂ ಓಡಬಾರದು. ಒಂದನ್ನು ಬಿಟ್ಟು, ಇನ್ನೊಂದರಲ್ಲಿ ಕುಳಿತು ನೋಡಬೇಕು. ಹಗಲೊಂದಕ್ಕೆ ಒಂದು ದೊಡ್ಡ ನಿಲುಗಡೆ, ಮತ್ತೆರಡು ಚಿಕ್ಕವು ಸಾಕು. ಆದ್ದರಿಂದ ಕೆಳಗೆ ಸ್ಥಳಗಳನ್ನು ಜೋಡಿ ಮಾಡಿ ತೂಗಿದ್ದೇನೆ.

ಸುರಪುರ, ಬೋನಾಳ ಅಥವಾ ವಿಭೂತಿಹಳ್ಳಿ

ತಿಂಥಣಿಯಲ್ಲೇ ಮೊದಲ ಪ್ರಶ್ನೆ ಬರುತ್ತದೆ. ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಮೌನೇಶ್ವರರ ಸನ್ನಿಧಿ ನದಿಯ ದಂಡೆಯಲ್ಲಿದೆ. ಬೆಳಿಗ್ಗೆ ಬೇಗ ತಲುಪಿದ್ದರೆ ಅರ್ಧ ಗಂಟೆ ಅಲ್ಲಿ ಕಳೆಯಿರಿ. ಬಿಸಿಲು ಏರಿದ ಮೇಲಾದರೆ ಸೇತುವೆಯ ಮೇಲಿಂದಲೇ ಕೈ ಮುಗಿದು ಮುಂದೆ ಸಾಗಬಹುದು.

ಸುರಪುರ ನಾಯಕ ಅರಸರ ಊರು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪ ನಾಯಕರ ನೆನಪು ಇಲ್ಲಿ ಇಂದಿಗೂ ಬಿಸಿಯಾಗಿದೆ. ಗುಡ್ಡದ ಮೇಲಿನ ಟೇಲರ್ ಮಂಜಿಲ್, ಬಾಲಕ ರಾಜನ ಕಾಲದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ. ಅಲ್ಲಿ ನಿಂತರೆ ಊರು, ಬಂಡೆಗುಡ್ಡ, ಅದರಾಚೆಯ ಬಯಲು ಎಲ್ಲವೂ ಒಮ್ಮೆಗೇ ಕಾಣುತ್ತವೆ. ಸುರಪುರ ಚಿತ್ರಕಲೆಯ ಹೆಸರು ಕೇಳಿದವರಿಗೆ ಊರೊಳಗೆ ತಿರುಗುವ ಆಸೆಯಾಗುವುದು ಸಹಜ, ಆದರೆ ಬೀದಿಗಳು ಇಕ್ಕಟ್ಟು, ಏರು. ಗಾಡಿಯನ್ನು ಕೆಳಗೇ ಬಿಟ್ಟು ನಡೆಯಬೇಕು, ಎರಡು ಗಂಟೆ ಹೋಗುತ್ತದೆ.

ಬೋನಾಳದ ಕೆರೆ ಹಕ್ಕಿಗಳನ್ನು ನೋಡುವವರ ಜಾಗ. ನವೆಂಬರ್‌ನಿಂದ ಫೆಬ್ರುವರಿಯವರೆಗೆ, ಅದೂ ಬೆಳಗಿನ ಜಾವ ಅಥವಾ ಇಳಿಹೊತ್ತಿನಲ್ಲಿ ಮಾತ್ರ ಒಳಗೆ ತಿರುಗಿ. ಮೇ ತಿಂಗಳ ಮಧ್ಯಾಹ್ನ ಅಲ್ಲಿಗೆ ಮಕ್ಕಳನ್ನು ಕರೆದೊಯ್ದರೆ ಬರೀ ಬಿಸಿಲು ಸಿಗುತ್ತದೆ. ನಾರಾಯಣಪುರದ ಬಸವಸಾಗರ ಜಲಾಶಯ, ಅದರ ಬಳಿಯ ಛಾಯಾ ಭಗವತಿ ಇನ್ನೂ ಒಳಗೆ. ಮಳೆಗಾಲದಲ್ಲಿ ಗೇಟು ತೆರೆದು ನೀರು ಬಿಟ್ಟಿದ್ದಾರೆ ಎಂದು ಗೊತ್ತಾದರೆ ಆ ದಿನವನ್ನೇ ಅದಕ್ಕೆ ಕೊಡಿ. ಉಳಿದ ಕಾಲದಲ್ಲಿ ದಾರಿ ತಪ್ಪಿಸಿ ಹೋಗುವಷ್ಟು ಕಾರಣ ಕಾಣೆ.

ಈ ಭಾಗದಲ್ಲಿ ನನ್ನ ಆಯ್ಕೆ ಶಹಾಪುರದ ಹತ್ತಿರದ ವಿಭೂತಿಹಳ್ಳಿ. ಮೊದಲ ನೋಟಕ್ಕೆ ಅಲ್ಲಿ ಏನೂ ಇಲ್ಲ: ಹೊಲದಂಥ ಬಯಲು, ಅದರಲ್ಲಿ ಗುಂಡುಕಲ್ಲುಗಳು. ಸ್ವಲ್ಪ ಹೊತ್ತು ನಿಂತು, ಒಂದು ಕಲ್ಲಿನ ಹಿಂದಿನಿಂದ ಮುಂದಿನದನ್ನು ನೋಡಿ. ಕಲ್ಲುಗಳು ಸಾಲಾಗಿ ನಿಂತಿವೆ. ಒಂದು ಸಾಲಿನಿಂದ ಇನ್ನೊಂದಕ್ಕೆ ಅಂತರವೂ ಅಳೆದು ಇಟ್ಟದ್ದು. ಅಷ್ಟು ಭಾರದ ಬಂಡೆಗಳನ್ನು ಇತಿಹಾಸಪೂರ್ವದ ಜನ ಎಳೆದು ತಂದು ಇಲ್ಲಿ ನಿಲ್ಲಿಸಿದ್ದಾರೆ. ಸತ್ತವರ ನೆನಪಿಗೆಂದು ಕೆಲವರು ಹೇಳುತ್ತಾರೆ, ಸೂರ್ಯನ ಚಲನೆಯನ್ನು ಗುರುತಿಸಲೆಂದು ಇನ್ನು ಕೆಲವರು. ಸುರಪುರದಲ್ಲಿದ್ದಾಗ ಟೇಲರ್ ಇಂಥ ಕಲ್ಲುಗಳ ಬಗ್ಗೆ ಆಸಕ್ತಿಯಿಂದ ಬರೆದದ್ದರಿಂದಲೇ ಹೊರಗಿನ ವಿದ್ವಾಂಸರಿಗೆ ಈ ಸೀಮೆಯ ಹೆಸರು ತಿಳಿದದ್ದು. ಹುಣಸಗಿಯ ಕಣಿವೆಯಲ್ಲಂತೂ ಇದಕ್ಕಿಂತ ಲಕ್ಷಾಂತರ ವರ್ಷ ಹಿಂದಿನ ಹಳೆ ಶಿಲಾಯುಗದ ಕಲ್ಲಿನ ಕೊಡಲಿಗಳು ಸಿಕ್ಕಿವೆ. ವಿಭೂತಿಹಳ್ಳಿಗೆ ಮುಕ್ಕಾಲು ಗಂಟೆ ಸಾಕು, ಆದರೆ ಗಿಡದ ನೆರಳಿಲ್ಲ. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ಐದರ ಮೇಲೆ ಹೋಗಿ. ನೆರಳು ಉದ್ದವಾಗುವ ಆ ಹೊತ್ತಿನಲ್ಲೇ ಕಲ್ಲಿನ ಸಾಲುಗಳೂ ಸ್ಪಷ್ಟವಾಗುತ್ತವೆ.

ಶಹಾಪುರದ ‘ಬುದ್ಧ ಮಲಗಿದ ಬೆಟ್ಟ’ಕ್ಕೆ ಬೇರೆ ಸಮಯ ತೆಗೆದಿಡಬೇಕಾಗಿಲ್ಲ. ಗುಡ್ಡಗಳ ಅಂಚು ಒಂದಕ್ಕೊಂದು ಸೇರಿ, ಅಂಗಾತ ಮಲಗಿದ ಮನುಷ್ಯನ ಆಕಾರ ದೂರದಿಂದ ಕಾಣುತ್ತದೆ. ಯಾವ ಕಡೆ ನಿಂತರೆ ಚೆನ್ನಾಗಿ ಕಾಣುತ್ತದೆಂದು ಅಲ್ಲಿನ ಚಹಾದ ಅಂಗಡಿಯವರನ್ನು ಕೇಳಿದರೆ ಕೈ ಮಾಡಿ ತೋರಿಸುತ್ತಾರೆ.

ಜೇವರ್ಗಿ ದಾರಿಯೋ, ಯಾದಗಿರಿ ದಾರಿಯೋ

ಶಹಾಪುರದಿಂದ ಕಲಬುರಗಿಗೆ ನೇರ ದಾರಿ ಜೇವರ್ಗಿಯದು. ಜೇವರ್ಗಿ ಬಿಟ್ಟ ಮೇಲೆ ಕಟ್ಟಿಸಂಗಾವಿಯ ಸೇತುವೆಯಲ್ಲಿ ಭೀಮೆಯನ್ನು ದಾಟುತ್ತೀರಿ. ಎರಡೂ ಕಡೆ ಎರೆಭೂಮಿ, ಹತ್ತಿ, ತೊಗರಿ. ಅಕ್ಟೋಬರ್‌ ಹೊತ್ತಿಗೆ ತೊಗರಿ ಹೂಬಿಟ್ಟಾಗ ಈ ದಾರಿಯೇ ನೋಡುವಂಥದ್ದು. ಉಳಿದಂತೆ ಇಳಿಯುವ ಜಾಗ ಕಡಿಮೆ, ಬೇಗ ತಲುಪುವುದೇ ಇದರ ಲಾಭ.

ಯಾದಗಿರಿಯ ಮೂಲಕ ನಾಲವಾರ, ವಾಡಿ, ಶಹಾಬಾದ್ ಹಿಡಿದು ಹೋಗುವುದು ಸುತ್ತು ಬಳಸಿನ ದಾರಿ. ವಾಡಿಯ ಸುತ್ತ ಸಿಮೆಂಟ್ ಲಾರಿಗಳ ಕಾಟ, ಧೂಳು. ಆದರೂ ಈ ದಾರಿಯನ್ನು ನಾನು ಬಿಡದೆ ಹೇಳುವುದು ಸನ್ನತಿಗಾಗಿ. ಯಾದಗಿರಿಯ ಗುಡ್ಡದ ಕೋಟೆಯನ್ನು ಹತ್ತುವ ಕಾಲಿನ ಶಕ್ತಿ ಇದ್ದವರು ಬೆಳಿಗ್ಗೆ ಹತ್ತಿ ಇಳಿಯಬಹುದು. ಸನ್ನತಿಗೂ ಹೋಗುವುದಾದರೆ ಕೋಟೆಯನ್ನು ಕೆಳಗಿನಿಂದ ನೋಡಿದರೆ ಸಾಕು.

ಸನ್ನತಿ ಮತ್ತು ಮಳಖೇಡ

ಕಲಬುರಗಿ ಜಿಲ್ಲೆಯ ಎರಡು ದೊಡ್ಡ ಹೆಸರುಗಳಿವು. ಎರಡೂ ಮುಖ್ಯ ದಾರಿಯಿಂದ ದೂರ, ಎರಡನ್ನೂ ಒಂದೇ ದಿನ ಮಾಡಹೊರಟವರು ಎರಡನ್ನೂ ಸರಿಯಾಗಿ ನೋಡುವುದಿಲ್ಲ.

ಸನ್ನತಿ ಭೀಮೆಯ ದಂಡೆಯ ಹಳ್ಳಿ. ಜನ ಬರುವುದು ಹೆಚ್ಚಾಗಿ ಚಂದ್ರಲಾಂಬೆಯ ದರ್ಶನಕ್ಕೆ. ಆ ಗುಡಿಯ ಆವರಣದಲ್ಲೇ ಇರುವ ಕಾಳಿಯ ಗುಡಿಯ ಮಾಡು 1980ರ ದಶಕದಲ್ಲಿ ಕುಸಿಯಿತು. ವಿಗ್ರಹದ ಪೀಠವಾಗಿ ಬಳಸಿದ್ದ ಚಪ್ಪಡಿಯನ್ನು ನೋಡಿದರೆ ಅದರ ಮೇಲೆ ಅಶೋಕನ ಶಾಸನ! ಕಳಿಂಗದ (ಇಂದಿನ ಒಡಿಶಾ) ಧೌಲಿ, ಜೌಗಡಗಳಲ್ಲಿ ಮಾತ್ರ ಕಾಣುತ್ತಿದ್ದ, ಆ ನಾಡಿಗೆಂದೇ ಅಶೋಕ ಬರೆಸಿದ ‘ಪ್ರತ್ಯೇಕ ಶಾಸನಗಳು’ ನಮ್ಮ ಭೀಮೆಯ ದಂಡೆಯಲ್ಲಿ ಸಿಕ್ಕವು. ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದಾಗ ದೊಡ್ಡದೊಂದು ಬೌದ್ಧ ಸ್ತೂಪ ಹೊರಬಂತು. ಸುಣ್ಣಕಲ್ಲಿನ ಫಲಕಗಳ ಮೇಲೆ ಜಾತಕ ಕಥೆಗಳು, ಶಾತವಾಹನ ರಾಜರು, ಅವರ ಹೆಸರುಗಳು. ಅವುಗಳಲ್ಲಿ ಒಂದರಲ್ಲಿ ರಾಣಿ, ಪರಿವಾರದೊಂದಿಗೆ ನಿಂತ ಒಬ್ಬ ರಾಜ. ಬ್ರಾಹ್ಮಿ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂದು ಬರೆದಿದೆ. ಅಶೋಕನ ಚಿತ್ರವನ್ನು ಅವನ ಹೆಸರಿನ ಸಮೇತ ಕೆತ್ತಿದ ಕಲ್ಲು ನಮ್ಮ ಜಿಲ್ಲೆಯಲ್ಲಿದೆ ಎಂಬುದು ಕಲಬುರಗಿಯ ಎಷ್ಟೋ ಮಕ್ಕಳಿಗೆ ಶಾಲೆಯಲ್ಲೂ ತಿಳಿಯದೆ ಹೋಗುತ್ತದೆ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮಳಖೇಡ ಕಲಬುರಗಿಯಿಂದ ಸೇಡಂ ದಾರಿಯಲ್ಲಿ ಸುಮಾರು 40 ಕಿಲೊಮೀಟರ್. ಕಾಗಿಣಾ ನದಿಯ ಬದಿಯಲ್ಲಿ ಕೋಟೆ. ಅಮೋಘವರ್ಷ ನೃಪತುಂಗ ಒಂಬತ್ತನೆಯ ಶತಮಾನದಲ್ಲಿ ಆಳಿದ ಮಾನ್ಯಖೇಟ ಇದೇ. ಕನ್ನಡದಲ್ಲಿ ನಮಗೆ ದೊರೆತ ಮೊದಲ ಗ್ರಂಥ ಕವಿರಾಜಮಾರ್ಗ ರೂಪುಗೊಂಡದ್ದು ಈ ಆಸ್ಥಾನದಲ್ಲಿ. 972ರಲ್ಲಿ ಮಾಳವದ ಪರಮಾರರು ಈ ಊರನ್ನು ಸೂರೆ ಮಾಡಿದರು. ಈಗ ನಿಂತಿರುವ ಗೋಡೆಗಳಲ್ಲಿ ಹೆಚ್ಚಿನವು ಆಮೇಲಿನ ಕಾಲದವು. ಹಳೆಯ ನೇಮಿನಾಥ ಬಸದಿ ಇದೆ, ಮಾಧ್ವ ಭಕ್ತರು ಜಯತೀರ್ಥರದೆಂದು ಪೂಜಿಸುವ ವೃಂದಾವನ ನದಿಯ ಬಳಿ ಇದೆ. ಅರಮನೆ ಕಾಣುವ ಆಸೆಯಿಂದ ಹೋದವರಿಗೆ ನಿರಾಸೆಯಾಗುತ್ತದೆ. ಕನ್ನಡವನ್ನು ಪ್ರೀತಿಸುವವರು ಕೋಟೆಯ ಬುರುಜಿನ ಮೇಲೆ ನಿಂತು ಕಾಗಿಣಾವನ್ನು ನೋಡಿದರೆ ಬೇರೇನೂ ಕೇಳುವುದಿಲ್ಲ.

ಯಾವುದನ್ನು ಆರಿಸಬೇಕು? ಹೈದರಾಬಾದಿನ ಕಡೆಗೆ ಸೇಡಂ ಮೂಲಕ ಹೋಗುವವರಿಗೆ ಮಳಖೇಡ ದಾರಿಯಲ್ಲೇ ಸಿಗುತ್ತದೆ, ಒಂದು ಗಂಟೆ ಸಾಕು, ಹಿರಿಯರನ್ನೂ ಕರೆದೊಯ್ಯಬಹುದು. ದಕ್ಷಿಣದಿಂದ ಬೀದರ್‌ಗೆ ಹೋಗುವವರು ಸನ್ನತಿಯನ್ನು ಹಿಡಿಯಲಿ. ಹೋಗಿ ಬರಲು, ನೋಡಲು ಅರ್ಧ ದಿನ ಬೇಕು. ನೀರು, ಊಟ ಗಾಡಿಯಲ್ಲೇ ಇರಲಿ. ಕನಗನಹಳ್ಳಿಯಲ್ಲಿ ಸುಮ್ಮನೆ ಸುತ್ತಿ ಬರುವ ಬದಲು ಅಲ್ಲಿನ ಕಾವಲು ಸಿಬ್ಬಂದಿಯನ್ನು ವಿಚಾರಿಸಿ, ಯಾವ ಫಲಕ ಎಲ್ಲಿದೆ ಎಂದು ಕೇಳಿ ನೋಡಿ. ಕಲ್ಲನ್ನು ಮುಟ್ಟಬೇಡಿ, ಮಕ್ಕಳನ್ನು ಹತ್ತಿಸಿ ಫೋಟೊ ತೆಗೆಯಬೇಡಿ. ಎರಡು ಸಾವಿರ ವರ್ಷ ಮಣ್ಣಿನೊಳಗೆ ಉಳಿದದ್ದು ನಮ್ಮ ಕೈಯಲ್ಲಿ ಹಾಳಾಗಬಾರದು.

ಗಾಣಗಾಪುರವನ್ನು ಇವುಗಳ ಜೊತೆ ತೂಗುವುದಿಲ್ಲ. ದತ್ತಾತ್ರೇಯನ ನಿರ್ಗುಣ ಪಾದುಕೆ, ಭೀಮಾ ಅಮರ್ಜಾ ಸಂಗಮ, ಮನೆಮನೆಗೆ ಹೋಗಿ ಬೇಡುವ ಮಧುಕರಿ ಭಿಕ್ಷೆ ಎಲ್ಲವೂ ಸಾವಧಾನ ಬೇಡುವಂಥವು. ದಾರಿಯ ನಡುವೆ ಅವಸರದಲ್ಲಿ ತುರುಕಬೇಡಿ, ಅದಕ್ಕೆಂದೇ ಬನ್ನಿ. ಚಿಂಚೋಳಿಯ ಕಾಡು, ಚಂದ್ರಂಪಳ್ಳಿ ಜಲಾಶಯಕ್ಕೂ ಇದೇ ಮಾತು.

ಕಲಬುರಗಿಯಲ್ಲಿ ಒಂದೇ ಗಂಟೆ ಇದ್ದರೆ

ನಮ್ಮ ಊರಿಗೆ ಬಂದವರನ್ನು ಬಂದೇನವಾಜ್ ದರ್ಗಾ ಮತ್ತು ಶರಣಬಸವೇಶ್ವರ ಗುಡಿ ಎರಡಕ್ಕೂ ಕರೆದೊಯ್ಯುವುದು ವಾಡಿಕೆ. ಭಕ್ತಿಯಿಂದ ಬಂದವರಿಗೆ ಅದೇ ಸರಿ. ಕಟ್ಟಡ ನೋಡಲು ಬಂದವರಿಗೆ ನನ್ನ ಉತ್ತರ ಕೋಟೆಯೊಳಗಿನ ಜಾಮಿಯಾ ಮಸೀದಿ. 1367ರ ಕಟ್ಟಡ. ಮಸೀದಿಗಳಲ್ಲಿ ಸಾಮಾನ್ಯವಾಗಿರುವ ತೆರೆದ ಅಂಗಳ ಇದಕ್ಕಿಲ್ಲ, ಇಡೀ ಜಾಗಕ್ಕೆ ಗುಮ್ಮಟಗಳ ಮಾಡು. ಒಳಗೆ ಕಾಲಿಟ್ಟೊಡನೆ ಹೊರಗಿನ ಬಿಸಿಲು ಮರೆತುಹೋಗುತ್ತದೆ. ತಗ್ಗಿನಿಂದ ಏಳುವ ಅಗಲವಾದ ಕಮಾನುಗಳು ಒಂದರ ಹಿಂದೆ ಒಂದು ಸಾಗುವುದನ್ನು ಮೂಲೆಯಲ್ಲಿ ನಿಂತು ನೋಡಿ. ಬಹಮನಿ ಸುಲ್ತಾನರ ಗೋರಿಗಳಿರುವ ಸಪ್ತ ಗುಮ್ಮಟಗಳು ಬೆಳಗಿನ ಹೊತ್ತಿಗೆ ಚೆನ್ನ, ಅಲ್ಲಿ ಸುಲ್ತಾನ ಫಿರೋಜ್ ಶಾಹನ ಜೋಡಿ ಗುಮ್ಮಟದ ಗೋರಿಯೊಂದನ್ನು ನೋಡಿದರೂ ಸಾಕು. ಮಕ್ಕಳು, ವಯಸ್ಸಾದವರು ಇದ್ದು, ಕಾಲು ಚಾಚಿ ಕೂರುವ ಜಾಗ ಬೇಕಾದರೆ ಬುದ್ಧ ವಿಹಾರ ಅನುಕೂಲ.

ಮಧ್ಯಾಹ್ನದ ಊಟವನ್ನು ಕಲಬುರಗಿಯಲ್ಲೇ ಮುಗಿಸಿ. ಹೆದ್ದಾರಿಯ ಧಾಬಾಗಳಿಗಿಂತ ಊರೊಳಗಿನ ಖಾನಾವಳಿಗಳು ಎಷ್ಟೋ ಮೇಲು. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ನಮ್ಮದೇ ತೊಗರಿಯ ಬೇಳೆ. ಈ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ (ಜಿಐ ಟ್ಯಾಗ್) ಮಾನ್ಯತೆ ಬಂದಿದೆ. ಎಳ್ಳಮಾವಾಸ್ಯೆಯ ದಿನ ಈ ದಾರಿಯಲ್ಲಿ ಇದ್ದರೆ ಮನೆಮಂದಿಯೆಲ್ಲ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ ಚರಗ ಚೆಲ್ಲುವುದನ್ನು, ಎಂದರೆ ನೈವೇದ್ಯದ ಅಡುಗೆಯನ್ನು ಬೆಳೆಯ ಮೇಲೆ ಎರಚುವುದನ್ನು ಕಾಣುತ್ತೀರಿ. ಯಾರಾದರೂ ಊಟಕ್ಕೆ ಕರೆದರೆ ಬೇಡವೆನ್ನಬೇಡಿ. ಆ ದಿನದ ಭಜ್ಜಿ, ಸಜ್ಜೆ ರೊಟ್ಟಿ ಯಾವ ಹೋಟೆಲಿನಲ್ಲೂ ಸಿಗುವುದಿಲ್ಲ.

ಕಲಬುರಗಿ ಬಿಟ್ಟು ಹುಮನಾಬಾದ್ ಕಡೆ ಹೊರಟಾಗ ಕಮಲಾಪುರದಲ್ಲಿ ಐದು ನಿಮಿಷ ನಿಲ್ಲಿ. ಅಲ್ಲಿನ ಕೆಂಪು ಬಾಳೆಹಣ್ಣಿಗೂ ಭೌಗೋಳಿಕ ಸೂಚಿಕೆ ಇದೆ. ಬೆಲೆ ಸಾಮಾನ್ಯ ಬಾಳೆಗಿಂತ ಹೆಚ್ಚು, ಆದರೆ ದಪ್ಪ ಹಣ್ಣು, ಎರಡು ತಿಂದರೆ ಹೊಟ್ಟೆ ತುಂಬುತ್ತದೆ.

ಬಸವಕಲ್ಯಾಣ ಮತ್ತು ಜಲಸಂಗ್ವಿ

ಹುಮನಾಬಾದ್ ತಲುಪಿದಾಗ ಮತ್ತೊಂದು ಕವಲು. ಹೈದರಾಬಾದ್–ಸೋಲಾಪುರ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋದರೆ ಸಸ್ತಾಪುರ ಬಂಗ್ಲಾದಿಂದ ಒಳಕ್ಕೆ ಬಸವಕಲ್ಯಾಣ. ಮೊದಲನೆಯ ಸೋಮೇಶ್ವರ ಮಾನ್ಯಖೇಟವನ್ನು ಬಿಟ್ಟು ಕಟ್ಟಿದ ರಾಜಧಾನಿ, ಮುಂದೆ ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣ ಮತ್ತು ಶರಣರ ಊರು. ಕೋಟೆ, ಪರುಷಕಟ್ಟೆ, ತ್ರಿಪುರಾಂತಕ ಕೆರೆ, ಅಕ್ಕನಾಗಮ್ಮನ ಗವಿ, 108 ಅಡಿಯ ಬಸವಣ್ಣನ ಪ್ರತಿಮೆ, ಎಲ್ಲವೂ ಊರ ತುಂಬ ಚದುರಿವೆ. ವಚನಗಳನ್ನು ಓದಿಕೊಂಡವರಿಗೆ, ಇಷ್ಟಲಿಂಗ ಕಟ್ಟಿದವರಿಗೆ ಇದು ದಾರಿಯ ನಡುವಿನ ನಿಲುಗಡೆ ಆಗುವುದೇ ಇಲ್ಲ. ಒಂದು ರಾತ್ರಿ ಅಲ್ಲೇ ಉಳಿಯಿರಿ. ಎರಡು ಗಂಟೆಯಲ್ಲಿ ಮುಗಿಸುವ ಯೋಚನೆ ಇದ್ದರೆ ದಯವಿಟ್ಟು ಇನ್ನೊಮ್ಮೆ ಬನ್ನಿ.

ಸಮಯ ಕಡಿಮೆ ಇದ್ದವರಿಗೆ ಹುಮನಾಬಾದಿಗೆ ಸಮೀಪದ ಜಲಸಂಗ್ವಿ ಇದೆ. ಕಲ್ಯಾಣ ಚಾಲುಕ್ಯರ ಒಂದೇ ಒಂದು ಗುಡಿ, ಕೆಲ ಭಾಗ ಶಿಥಿಲ. ಅದರ ಹೊರಗೋಡೆಯ ಮದನಿಕೆಯರನ್ನು ನೋಡಿದವರು ಬೇಲೂರಿನ ಶಿಲ್ಪಿಗಳಿಗೆ ದಾರಿ ಎಲ್ಲಿಂದ ಸಿಕ್ಕಿತು ಎಂದು ಯೋಚಿಸದೆ ಇರಲಾರರು. ಒಬ್ಬಳು ಬೆನ್ನು ತುಸು ತಿರುಗಿಸಿ ನಿಂತು ಫಲಕದ ಮೇಲೆ ಬರೆಯುತ್ತಿದ್ದಾಳೆ. ಅವಳು ಬರೆಯುತ್ತಿರುವುದು ಆರನೆಯ ವಿಕ್ರಮಾದಿತ್ಯನ ಹೊಗಳಿಕೆ, ಆ ಅಕ್ಷರಗಳನ್ನು ಇಂದಿಗೂ ಓದಬಹುದು. ಓದು ಬರಹ ಬಲ್ಲ ಹೆಣ್ಣನ್ನು ಗುಡಿಯ ಗೋಡೆಯ ಮೇಲೆ ನಿಲ್ಲಿಸಿದ ಆ ಶಿಲ್ಪಿಯ ಬಗ್ಗೆ ನನಗೆ ಅಪಾರ ಗೌರವ. ಒಂದು ಗಂಟೆಯ ನಿಲುಗಡೆಗೆ ಈ ಇಡೀ ದಾರಿಯಲ್ಲಿ ಇದಕ್ಕಿಂತ ಉತ್ತಮವಾದದ್ದನ್ನು ನಾನು ಹೇಳಲಾರೆ. ಹಳ್ಳಿಯ ನಡುವೆ ಇರುವುದರಿಂದ ಜನರ ಮನೆಯಂಗಳಕ್ಕೆ ಗಾಡಿ ನುಗ್ಗಿಸದೆ ದೂರ ನಿಲ್ಲಿಸಿ.

ಹುಮನಾಬಾದಿನ ವೀರಭದ್ರೇಶ್ವರ, ಮಾಣಿಕನಗರದ ಮಾಣಿಕಪ್ರಭುಗಳ ಸನ್ನಿಧಿ ರಸ್ತೆಗೆ ಹತ್ತಿರ. ಗಾಡಿ ಓಡಿಸಿ ದಣಿದವರು ಮಾಣಿಕನಗರದಲ್ಲಿ ಸ್ವಲ್ಪ ಹೊತ್ತು ಕುಳಿತು ಎದ್ದರೆ ಮುಂದಿನ 50 ಕಿಲೊಮೀಟರ್ ಭಾರವಾಗದು. ಚಳಿಗಾಲದಲ್ಲಿ ಈ ಭಾಗದಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳು ಹಿಂದೆ ದೀಪವಿಲ್ಲದೆ ಸಾಗುತ್ತವೆ. ಕತ್ತಲಾಗುವ ಮುನ್ನ ಬೀದರ್ ಸೇರಿ.

ಹೊಲದ ದಾರಿಗಳ ಬಗ್ಗೆಯೂ ಒಂದು ಮಾತು. ಮಳೆ ಬಿದ್ದ ಮೇಲೆ ಎರೆಮಣ್ಣಿನಲ್ಲಿ ಕಾರು ಇಳಿಸಲೇಬೇಡಿ. ಮೇಲೆ ಒಣಗಿದಂತೆ ಕಂಡರೂ ಕೆಳಗೆ ಅಂಟು ಹಾಗೇ ಇರುತ್ತದೆ, ಟ್ರ್ಯಾಕ್ಟರ್ ಬಂದು ಎಳೆಯುವವರೆಗೆ ಗಾಡಿ ಅಲ್ಲಾಡುವುದಿಲ್ಲ. ಬೀದರ್ ಹತ್ತಿರವಾದಂತೆ ಕಪ್ಪು ನೆಲ ಹೋಗಿ ಕೆಂಪು ಮುರಕಲ್ಲಿನ ನೆಲ ಬರುತ್ತದೆ, ಅಲ್ಲಿ ಈ ಭಯ ಕಡಿಮೆ.

ಬೀದರ್: ಕೋಟೆ ಅಥವಾ ಅಷ್ಟೂರು

ಬಹಮನಿ ಸುಲ್ತಾನ ಅಹ್ಮದ್ ಶಾಹ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದದ್ದು ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ. ಬೀದರ್‌ಗೆ ಬಂದವರು ಕೋಟೆ ನೋಡದೆ ಹೋಗುವುದಿಲ್ಲ, ಹೋಗಲೂಬಾರದು. ಬಂಡೆಯನ್ನೇ ಕೊರೆದು ಮಾಡಿದ ಕಂದಕ, ಸೋಲಾ ಖಂಬ ಮಸೀದಿ, ಗಗನ ಮಹಲ್. ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂಡಿಸಿದ ರಂಗೀನ್ ಮಹಲ್‌ಗೆ ಹೆಚ್ಚಾಗಿ ಬೀಗ ಇರುತ್ತದೆ, ಕೋಟೆಯೊಳಗಿನ ಪುರಾತತ್ವ ಕಚೇರಿಯಲ್ಲಿ ಕೇಳಿ ನೋಡಿ. ಕೋಟೆಗೆ ಮೂರು ಗಂಟೆ ಇಡಿ, ಬೆಳಿಗ್ಗೆ ಹೋಗಿ.

ಸಂಜೆ ನಾಲ್ಕರ ಹೊತ್ತಿಗೆ ಊರು ಸೇರಿದ್ದರೆ ಕೋಟೆಗೆ ಓಡದೆ ಅಷ್ಟೂರಿಗೆ ಹೋಗಿ. ಹೊಲಗಳ ನಡುವೆ ಸಾಲಾಗಿ ನಿಂತ ಬಹಮನಿ ಸುಲ್ತಾನರ ಗೋರಿಗಳು. ಬಹಮನಿ ಸುಲ್ತಾನ ಹುಮಾಯೂನನ (ಮೊಗಲ ಹುಮಾಯೂನನಲ್ಲ) ಗೋರಿ ಸಿಡಿಲಿಗೆ ಸೀಳಿ ಅರ್ಧ ಗುಮ್ಮಟ ಮಾತ್ರ ಉಳಿದಿದೆ. ಗುಮ್ಮಟದ ಗೋಡೆ ಎಷ್ಟು ದಪ್ಪ, ಒಳಗೆ ಹೇಗೆ ಕಟ್ಟಿದ್ದಾರೆ ಎಂಬುದು ಅಲ್ಲಿ ತೆರೆದು ಕಾಣುತ್ತದೆ. ಅಹ್ಮದ್ ಶಾಹ ವಲಿಯ ಗೋರಿಯೊಳಗೆ ಬಣ್ಣದ ಚಿತ್ತಾರ, ಚಿನ್ನದ ಅಕ್ಷರ ತುಂಬಿದೆ. ಕತ್ತಲು ಇರುವುದರಿಂದ ಕಣ್ಣು ಹೊಂದಿಕೊಳ್ಳುವವರೆಗೆ ಕಾಯಬೇಕು. ಈ ಸುಲ್ತಾನನನ್ನು ಅಲ್ಲಮಪ್ರಭು ಎಂದು ನಂಬಿ ನಡೆದುಕೊಳ್ಳುವವರಿದ್ದಾರೆ. ಹೋಳಿಯ ಆಸುಪಾಸಿನಲ್ಲಿ ನಡೆಯುವ ಉರುಸಿಗೆ ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಜಂಗಮರು ಬರುತ್ತಾರೆ. ಆ ದಿನಗಳಲ್ಲಿ ನಿಮ್ಮ ಪ್ರಯಾಣ ಬಂದರೆ ಉಳಿದೆಲ್ಲ ಆಯ್ಕೆಗಳನ್ನೂ ಬದಿಗಿಡಿ.

ಬಹಮನಿಗಳ ಮಂತ್ರಿ ಮಹಮೂದ್ ಗವಾನನ ಮದರಸಾ ಊರ ನಡುವೆಯೇ ಇದೆ. 1472ರ ಕಟ್ಟಡ, ಉಳಿದಿರುವ ಮಿನಾರಿನ ಮೇಲೆ ಬಣ್ಣದ ಹೆಂಚಿನ ಕೆಲಸ ಇನ್ನೂ ಅಲ್ಲಲ್ಲಿ ಹೊಳೆಯುತ್ತದೆ. ಅರ್ಧ ಗಂಟೆಯಲ್ಲಿ ನೋಡಬಹುದು, ಆದ್ದರಿಂದ ಕೋಟೆಗೂ ಅಷ್ಟೂರಿಗೂ ಇದು ಅಡ್ಡಬರುವುದಿಲ್ಲ. ಝರಣಿ ನರಸಿಂಹನ ಗವಿಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಮಾಡಬೇಕು. ಉಬ್ಬಸ ಇರುವವರು, ಚಿಕ್ಕ ಮಕ್ಕಳು ಹೊರಗೇ ಇರುವುದು ಒಳ್ಳೆಯದು. ಹಸಿವಾದರೆ ನಾನಕ್ ಝಿರಾ ಗುರುದ್ವಾರದ ಲಂಗರಿನಲ್ಲಿ ಎಲ್ಲರಿಗೂ ಊಟವಿದೆ. ತಲೆಗೆ ಬಟ್ಟೆ ಕಟ್ಟಿಕೊಂಡು ಸಾಲಿನಲ್ಲಿ ಕುಳಿತುಕೊಳ್ಳಿ.

ಮರುದಿನ ಹೊರಡುವ ಮುನ್ನ ಒಂದು ಗಂಟೆ ಉಳಿದರೆ ಊರ ನಡುವಿನ ಹಳೆಯ ಕಾವಲು ಗೋಪುರ ಚೌಬಾರಾ ಮತ್ತು ಮದರಸಾ ಸುತ್ತಲಿನ ಬೀದಿಗಳಲ್ಲಿ ಬಿದ್ರಿ ಕೆಲಸದವರನ್ನು ಹುಡುಕಿ. ಸತು ಮತ್ತು ತಾಮ್ರದ ಮಿಶ್ರಲೋಹದ ಪಾತ್ರೆಯ ಮೇಲೆ ಉಳಿಯಿಂದ ಗೆರೆ ಕೊರೆದು, ಅದರಲ್ಲಿ ಬೆಳ್ಳಿಯ ತಂತಿ ಬಡಿದು ಕೂಡಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರ ಎಂಬ ಲವಣದೊಂದಿಗೆ ಕಲಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕಿದಾಗ ಲೋಹ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಕೊನೆಯ ಕೆಲಸ ಯಾವ ಹೊತ್ತಿಗೆ ನಡೆಯುತ್ತದೆ ಎಂದು ಕುಶಲಕರ್ಮಿಯನ್ನೇ ಮೊದಲು ಕೇಳಿಕೊಂಡು ಹೋಗಿ. ಕೊಳ್ಳುವುದಾದರೆ ದೊಡ್ಡ ಹೂದಾನಿಗಿಂತ ಅಂಗೈಯಗಲದ ಡಬ್ಬಿಯನ್ನು ಆರಿಸಿ, ಕೆಲಸ ಮಾಡಿದವರ ಕೈಯಿಂದಲೇ ಕೊಳ್ಳಿ, ಚೌಕಾಸಿಗೆ ಇಳಿಯಬೇಡಿ.